ಎರಡು ಫೋನಿನ ಅತ್ತೆ

ನಮ್ಮ ಅತ್ತೆಗೆ ಹೆಬ್ಬೆರಳೇ ಇಲ್ಲ! ಇದು ನನ್ನ ಮಾತಲ್ಲ, ಸರ್ಕಾರದ ಮಾತು. ಬೇಕಾದರೆ ನಿಪ್ಪಾಣಿಯ ರೇಷನ್ ಅಂಗಡಿಯಲ್ಲಿ ಕೇಳಿ ನೋಡಿ.

ಅತ್ತೆ ಅಂದರೆ ನಮ್ಮಪ್ಪನ ಅಕ್ಕ. ಮದುವೆಯಾಗಿ ನಿಪ್ಪಾಣಿಗೆ ಬಂದಾಗಿನಿಂದ ಬೀಡಿ ಕಟ್ಟುತ್ತಲೇ ಇದ್ದವಳು. ಎಲೆ ಸುತ್ತಿ ಸುತ್ತಿ ಬೆರಳಿನ ಗೆರೆಗಳೆಲ್ಲ ಸವೆದು ಹೋಗಿವೆ. ತಮಾಷೆ ಕೇಳಿ, ಯಾರೋ 'ಹೆಬ್ಬಟ್ಟಿನಾಕಿ' ಎಂದು ಆಡಿಕೊಂಡರೆಂದು ಹಟ ಹಿಡಿದು, ಸಂಜೆ ಶಾಲೆಗೆ ಹೋಗಿ ಸಹಿ ಕಲಿತಿದ್ದಳು. ಅವಳು ಸಹಿ ಕಲಿತು ಮುಗಿಸುವಷ್ಟರಲ್ಲಿ ರೇಷನ್ ಅಂಗಡಿಗೆ ಮಷಿನ್ನು ಬಂತು, ಹೆಬ್ಬಟ್ಟೇ ಬೇಕೆಂದಿತು! ಒತ್ತಿದಳು. ಕೆಂಪು ದೀಪ. ಸಹಿ ಮಾಡುತ್ತೇನೆಂದರೆ ಅದಕ್ಕೆ ಬೇಡ.

ಉಪದೇಶಕ್ಕೇನು ಬರವೇ? ಒಬ್ಬರು ಕೊಬ್ಬರಿ ಎಣ್ಣೆ ಹಚ್ಚು ಎಂದರು, ಇನ್ನೊಬ್ಬರು ನಿಂಬೆಹಣ್ಣು ತಿಕ್ಕು ಎಂದರು. ಅತ್ತೆ ಎರಡನ್ನೂ ಮಾಡಿ, ಹೆಬ್ಬೆರಳಿಗೆ ಅರಿವೆ ಸುತ್ತಿಕೊಂಡು ಕೂತಳು. ಬೀಡಿ ಯಾಕೆ ಕಟ್ಟುತ್ತಿಲ್ಲವೆಂದು ಕೇಳಿದರೆ, "ಬಟ್ಟು ಸೂಟಿ ಮ್ಯಾಲ ಐತಿ" ಎನ್ನುತ್ತಿದ್ದಳು. ಬೆರಳಿನ ರಜೆ ಮುಗಿಸಿ ಹೋದರೂ ಕೆಂಪು ದೀಪವೇ!

ಕೊನೆಗೆ ಅಂಗಡಿಯವನೇ ದಾರಿ ಹುಡುಕಿದ. ಆಧಾರಕ್ಕೆ ಜೋಡಿಸಿದ ಫೋನಿಗೆ ಒಂದು ನಂಬರು ಬರುತ್ತದೆ, ಅದನ್ನು ಓದಿ ಹೇಳಿದರೆ ಅಕ್ಕಿ ಸಿಗುತ್ತದೆ. ಅತ್ತೆಯ ಆಧಾರಕ್ಕೆ ಜೋಡಿಸಿದ್ದು ಅವಳ ಗಂಡನ, ಅಂದರೆ ನಮ್ಮ ಮಾಮಾನ ಫೋನು. ಮಾಮಾ ಅದನ್ನು ದಿನವೂ ಮನೆಯಲ್ಲೇ ಮರೆತು ಊರು ತಿರುಗಲು ಹೋಗುವವನು. ಯಾರು ಫೋನ್ ಹಚ್ಚಿದರೂ ಅತ್ತೆಯದೇ ದನಿ: "ಅವರು ಹೊರಗ ಹೋಗ್ಯಾರ್ರಿ. ಬಂದ ಮ್ಯಾಲ ಹೇಳತೇನಿ." ಆ ಮೊಬೈಲನ್ನು ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದರೂ ನಡೆಯುತ್ತಿತ್ತು!

ಮಾಮಾ ತೀರಿಕೊಂಡ. ಮಗಳು ಅತ್ತೆಗೆ ಹೊಸ ಫೋನು ಕೊಡಿಸಿದಳು. ಅತ್ತೆ ಎರಡನ್ನೂ ಎಲೆಅಡಿಕೆಯ ಸಂಚಿಯಲ್ಲಿಟ್ಟುಕೊಂಡು ತಿರುಗತೊಡಗಿದಳು. ಎರಡಕ್ಕೂ ಚಾರ್ಜು, ಎರಡಕ್ಕೂ ರಿಚಾರ್ಜು! ಸುಮ್ಮನೆ ಬಿದ್ದಿರುವ ಫೋನಿಗೆ ಯಾಕೆ ದಂಡ? ನಾನು ಚಿಕ್ಕೋಡಿಯಿಂದ ಹೋಗಿ, ಆಧಾರದಲ್ಲಿ ನಿನ್ನ ಹೊಸ ನಂಬರು ಹಾಕಿಸೋಣ ನಡಿ ಎಂದೆ. ಊಹೂಂ, ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು.

ಹಟ ಮುರಿಯಲೆಂದೇ ಅವಳ ಜೊತೆ ರೇಷನ್ ಅಂಗಡಿಗೂ ಹೋದೆ. ಅಂಗಡಿಯವನು ಗುಂಡಿ ಒತ್ತಿದ. ಸಂಚಿಯೊಳಗೆ ಮಾಮಾನ ಫೋನು ಟಿಣ್ ಎಂದಿತು. ಅತ್ತೆಯ ಮುಖ ಅರಳಿದ್ದನ್ನು ನೋಡಬೇಕಿತ್ತು ನೀವು. ನಂಬರು ಓದಿ ಹೇಳಿ, ಫೋನನ್ನು ಸೆರಗಿನಿಂದ ಒರೆಸುತ್ತ ಅಂದಳು:

"ಅವರು ಹೋದ ಮ್ಯಾಲ ಇದಕ್ಕ ಯಾರೂ ಹಚ್ಚವಲ್ರು, ತಮ್ಮಾ. ತಿಂಗಳಿಗೊಮ್ಮಿ ಸರಕಾರ ಅಷ್ಟ ನೆನಸತೈತಿ. ಅದನ್ನೂ ಬಿಡಸ್ತೀಯೇನು?"

ನಾನು ಅಕ್ಕಿಯ ಚೀಲ ಎತ್ತಿಕೊಂಡೆ. ಆಧಾರದ ಮಾತನ್ನು ಅಲ್ಲಿಗೇ ಬಿಟ್ಟೆ.

ಚಿಕ್ಕೋಡಿಗೆ ಮರಳಿದ ಮೇಲೆ ಮಾಮಾನ ನಂಬರಿಗೆ ಫೋನ್ ಹಚ್ಚಿದೆ. ಏನು ಮಾತಾಡಬೇಕೆಂದು ನನಗೂ ಗೊತ್ತಿರಲಿಲ್ಲ. ಅತ್ತೆ ತಕ್ಷಣ ಎತ್ತಿದಳು. ಯಾರೆಂದು ಕೇಳಲಿಲ್ಲ.

"ಅವರು ಹೊರಗ ಹೋಗ್ಯಾರ್ರಿ," ಎಂದಳು. ಸ್ವಲ್ಪ ತಡೆದು, "ಬಂದ ಮ್ಯಾಲ ಹೇಳತೇನಿ," ಎಂದಳು.