ಮೆಣಸಿನಕಾಯಿ ಬಿರಡೆ

ನನ್ನ ಹೆಂಡತಿ ಹಂಪಮ್ಮನಿಗೆ ಒಬ್ಬಳು ಸವತಿ ಇದ್ದಾಳೆ. ಕಾಲುವೆ ತೋಡುವ ಕೆಲಸ ಮುಗಿದಾಗ ನಾನು ಹರಾಜಿನಲ್ಲಿ ಹಿಡಿದು ತಂದ ಹಳೆಯ ಪೆಟ್ರೋಲ್ ಲಾರಿ. ಸಂಜೆ ಅದನ್ನು ಚಾಲೂ ಮಾಡಿ, ನಿಂತಲ್ಲೇ ಗುರುಗುಡಲು ಬಿಟ್ಟು ಕಣ್ಣು ಮುಚ್ಚಿದೆನೆಂದರೆ ನಾನು ಶಹಾಪುರದಲ್ಲಿರುವುದಿಲ್ಲ. ಕಾಲುವೆ ನೀರಿನ ಮೇಲೆ ತೇಲುತ್ತಾ ಎಲ್ಲಿಗೋ ಹೋಗಿರುತ್ತೇನೆ. (ಹಂಪಮ್ಮ ಚಹಾಕ್ಕೆ ಕೂಗಿದಾಗ ದಡಕ್ಕೆ ಬರುತ್ತೇನೆ.)

ಇಂಥ ಲಾರಿಗೆ ನಡುಕ ಹತ್ತಿತು. ಓಡುವಾಗ ನೆಟ್ಟಗಿರುತ್ತಿತ್ತು, ನಿಂತರೆ ಚಳಿಜ್ವರ ಬಂದವರಂತೆ ನಡುಗಿ ಆರಿಹೋಗುತ್ತಿತ್ತು. ಅದೂ ಯಾವಾಗ? ಕಕ್ಕೇರಾದಲ್ಲಿ ಮಗಳ ಸೀಮಂತ, ನಮ್ಮ ಕಡೆಯ ಕುಬಸ, ಎದುರಿಗಿರುವಾಗ! ಚೊಚ್ಚಲ ಬಸುರಿಗೆ ತವರಿನ ಬುತ್ತಿ ಮಧ್ಯಾಹ್ನದೊಳಗೆ ಮುಟ್ಟದಿದ್ದರೆ ಬೀಗರೆದುರು ಅವಳ ಮುಖ ಬಾಡುತ್ತದೆ.

ನಾನೇ ರಾಜವೈದ್ಯನಾದೆ. ಇಂಜಿನ್ ಎಷ್ಟು ಜೋರಾಗಿ ಗಾಳಿ ಎಳೆಯುತ್ತಿದೆ ಎಂದು ತೋರಿಸುವ ಮೀಟರನ್ನು ಹೈದರಾಬಾದಿನಿಂದ ತರಿಸಿ ಹಚ್ಚಿದೆ. ಅದರ ಮುಳ್ಳು ಹಸಿರು ಗೆರೆಗಿಂತ ಕೆಳಗೆ ಹಾಯಾಗಿ ಮಲಗಿತ್ತು. ಕಾರ್ಬೊರೇಟರ್ ತೊಳೆದೆ, ಪ್ಲಗ್ ಬದಲಿಸಿದೆ. ಮುಳ್ಳು ಮಗ್ಗುಲನ್ನೂ ಬದಲಿಸಲಿಲ್ಲ. ಅದನ್ನೇ ನೋಡುತ್ತಾ ನನಗೂ ಜೊಂಪು ಹತ್ತುತ್ತಿತ್ತು.

ಕುಬಸದ ಬೆಳಿಗ್ಗೆ ಲಾರಿ ಓಡಿಸಲು ಹಂಪಮ್ಮನ ತಮ್ಮ ಭೀಮರಾಯ ಬಂದ. ಹೋಳಿಗೆ, ಕರ್ಚಿಕಾಯಿಗಳ ಬುತ್ತಿಗಳು ಲಾರಿ ಏರಿದವು. ಬಾನೆಟ್ ತೆರೆದೇ ಇತ್ತು; ಆರದಂತೆ ಭೀಮರಾಯ ಎಕ್ಸಲರೇಟರ್ ಒತ್ತಿ ಹಿಡಿದಿದ್ದ ಇಂಜಿನ್ನಿಗೆ ಹಂಪಮ್ಮ ಊದಿನಕಡ್ಡಿ ಬೆಳಗಲು ಬಂದಳು.

"ಏ, ಪೆಟ್ರೋಲ್ ಐತಿ! ದೂರ ಸರಿ!"

"ನಿಮ್ಮ ಮುಳ್ಳಿನ ಪೂಜಿ ಮುಗೀತಿಲ್ರಿ? ಈಗ ನಂದು ನಡೀಲಿ."

ಊದಿನಕಡ್ಡಿಯ ಹೊಗೆ ಮೇಲೇರಬೇಕಲ್ಲವೆ? ಏರಲಿಲ್ಲ. ಅಡ್ಡ ತಿರುಗಿ, ಇಂಜಿನ್ನಿನ ಮಗ್ಗುಲ ಕೊಳವೆಯೊಂದರೊಳಗೆ ನೀಲಿ ನೂಲಿನಂತೆ ಸರ್ರನೆ ಇಳಿಯತೊಡಗಿತು. ಎಂಥ ಚೆಲುವು! ನಾನು ಮೈಮರೆತು ನಿಂತೆ. ಹಂಪಮ್ಮ ಮೈಮರೆಯುವವಳಲ್ಲ. ಬಗ್ಗಿ, ಕೊಳವೆಯ ಬಾಯಿಂದ ಒಣಗಿ ಸುಕ್ಕಾದ ಮೆಣಸಿನಕಾಯಿಯೊಂದನ್ನು ಎಳೆದು ತೆಗೆದಳು.

"ಇದನ್ಯಾರ್ರಿ ಇಲ್ಲಿ ತುರುಕ್ಯಾರ?"

ಅದು ವೈಪರಿನ ಕೊಳವೆ. ಹಳೆಯ ಲಾರಿಗಳಲ್ಲಿ ಇಂಜಿನ್ ಎಳೆಯುವ ಗಾಳಿಯಿಂದಲೇ ವೈಪರ್ ಆಡುತ್ತದೆ. 'ನಮ್ಮ ಸೀಮೆಗೆ ನೀರು ಬಂದರೆ ಕಾಲುವೆಯಿಂದ ಬರಬೇಕು, ಮೋಡದಿಂದಲ್ಲ' ಎಂದು ವೈಪರನ್ನು ಕಿತ್ತು ಗುಜರಿಗೆ ಹಾಕಿದವನು ನಾನು. ಅಮಾವಾಸ್ಯೆಗೆ ಲಾರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವಾಗ ಉಳಿದ ಹಸಿ ಕಾಯಿಯನ್ನು ಆ ತೂತಿಗೆ ಬಿರಡೆಯಾಗಿ ಜಡಿದವನೂ ನಾನೇ. ಕಾಯಿ ಒಣಗಿ ಸುಕ್ಕಾದಂತೆ ಸಂದಿಯಿಂದ ಗಾಳಿ ಸೋರತೊಡಗಿತ್ತು.

"ದೃಷ್ಟಿ ಆಗಬಾರ್ದಂತ..." ಎಂದು ತೊದಲಿದೆ.

"ಲಾರಿಗೆ ಯಾರ ದೃಷ್ಟಿ ಆಗೇತಂತ ಈಗ ಗೊತ್ತಾತು ಬಿಡ್ರಿ."

ಭೀಮರಾಯ ರಬ್ಬರ್ ಬಿರಡೆ ಹಾಕಿದ. ಮುಳ್ಳು ಎದ್ದು ಹಸಿರು ಗೆರೆಯ ಮೇಲೆ ಕೂತಿತು. ಲಾರಿ ಜೋಗುಳ ಹಾಡತೊಡಗಿತು. ಸುರಪುರ ದಾಟುವವರೆಗೂ ನಾನು ಕಣ್ಣು ಮುಚ್ಚಿ ತೇಲಿದೆ.

ದಾಟಿದ ಮೇಲೆ ಮಳೆ ಹೊಡೆಯಿತು. ಗಾಜಿನಾಚೆ ರಸ್ತೆಯೇ ಇಲ್ಲ. ಭೀಮರಾಯ ಲಾರಿ ನಿಲ್ಲಿಸಿದ.

"ಮಾಮಾ, ಏನೂ ಕಾಣವಲ್ದು."

"ಮಳಿ ನಿಲ್ಲೂತನಕ ಕುಂದ್ರೂಣು," ಎಂದೆ.

"ಅಲ್ಲಿ ಮಗಳು ಹಾದಿ ಕಾಯಾಕತ್ತಾಳ," ಎನ್ನುತ್ತಾ ಹಂಪಮ್ಮ ನನ್ನ ಹೆಗಲ ಮೇಲಿನ ಟವೆಲ್ಲು ತೆಗೆದು ನನ್ನ ಕೈಗೇ ಕೊಟ್ಟು, ಬಾಗಿಲು ತೆರೆದಳು. "ಇಳೀರಿ."

ಬೀಗರ ಮನೆಯೆದುರು ತಾಡಪತ್ರಿಯೊಳಗಿಂದ ಬುತ್ತಿಗಳು ಹೊತ್ತಿಗೆ ಸರಿಯಾಗಿ, ಒಣಒಣಗಾಗಿ ಇಳಿದವು. ಡ್ರೈವರ್ ಕಡೆಯ ಫುಟ್‌ಬೋರ್ಡ್ ಮೇಲೆ ಜೋತು ಗಾಜು ಒರೆಸುತ್ತಾ ಬಂದ ನಾನು ತೊಟ್ಟಿಕ್ಕುತ್ತಾ ಇಳಿದೆ. ಹಸಿರು ಸೀರೆ ಉಟ್ಟ ಮಗಳು ನಗುನಗುತ್ತಾ ಬಾಗಿಲಿಗೆ ಬಂದವಳು ಬೆಚ್ಚಿದಳು.

"ಅಯ್ಯ, ಅಪ್ಪಗ ಏನಾಗೇತಬೇ?"

"ಏನಿಲ್ಲವ್ವಾ, ಲಾರಿಗೆ ವೈಪರ್ ಹಾಕ್ಸೇವಿ," ಎಂದಳು ಹಂಪಮ್ಮ. "ಮಾಲು ಹಳೇದು. ನಿಂತರ ನಿದ್ದಿ ಮಾಡತೈತಿ, ಬೈದರ ಓಡತೈತಿ."