ಹೆಂಡತಿಯೊಡನೆ ಕುಣಿಯಬಾರದ ಕುಣಿತ

ಕಾಂಗರೂ ನಾಡಿನ ಟ್ರುಗನಿನಾ ಬಡಾವಣೆಯ ಚನ್ನಬಸಯ್ಯ ಮೋಸಹೋದದ್ದು 'ಬಾಲ್' ಎಂಬ ಒಂದೇ ಶಬ್ದದಿಂದ. ಟಿವಿಯಲ್ಲಿ ಮ್ಯಾಚಿನ ಕೊನೆಯ ಓವರು ನಡೆದಿತ್ತು. ಹೆಂಡತಿ ವಿಜಯ ಬಂದು, “ರೀ, ಮುಂದಿನ ಶನಿವಾರ ಬಾಲ್ ಐತಿ, ಬರ್ತೀರೇನು?” ಎಂದಳು. ಕ್ರಿಕೆಟ್ಟೆಂದು ತಿಳಿದು, “ಹೂಂ, ಟಿಕೆಟ್ ಬುಕ್ ಮಾಡು” ಎಂದುಬಿಟ್ಟ.

ಟಿಕೆಟ್ಟಿನ ಜೊತೆ ನಾಲ್ಕು ಪುಟದ ಶಿಷ್ಟಾಚಾರ ಸಂಹಿತೆಯೂ ಬಂತು. ವಿಜಯ ಮೂರು ತಿಂಗಳಿಂದ ಹತ್ತಿರದ ಪಾಯಿಂಟ್ ಕುಕ್‌ನ ಗುಂಪೊಂದರಲ್ಲಿ ಹಳೆಯ ಇಂಗ್ಲಿಷ್ ಕುಣಿತ ಕಲಿಯುತ್ತಿದ್ದಳು. ಆ ಗುಂಪಿನವರು ಇನ್ನೂರು ವರ್ಷದ ಹಿಂದಿನ 'ಬಾಲ್' ಎಂಬ ನೃತ್ಯಕೂಟವನ್ನು ಅದೇ ಉಡುಪಿನಲ್ಲಿ, ಅದೇ ರೀತಿರಿವಾಜಿನಲ್ಲಿ ಮತ್ತೆ ನಡೆಸುವವರಿದ್ದರು.

ಚನ್ನಬಸಯ್ಯ ಸ್ವಂತ ತಮ್ಮನ ಮದುವೆಯ ಮೆರವಣಿಗೆಯಲ್ಲೂ ಕಾಲೆತ್ತದ ಮಹಾನುಭಾವ. ಡಾಕ್‌ಲ್ಯಾಂಡ್ಸ್‌ನ ಬ್ಯಾಂಕೊಂದರಲ್ಲಿ ಸಾಫ್ಟ್‌ವೇರಿನ ತಪ್ಪು ಹುಡುಕುವುದು ಅವನ ಉದ್ಯೋಗ. ಟ್ರಾಮಿನಲ್ಲಿ ಕೂತು ಸಂಹಿತೆಯನ್ನೂ ಹಾಗೆಯೇ ಜಾಲಾಡಿದ. ಮೂರನೆಯ ಪುಟದಲ್ಲಿ ತಪ್ಪಿಸಿಕೊಳ್ಳುವ ದಾರಿ ಸಿಕ್ಕಿತು. ಮನೆಗೆ ಬಂದವನೇ ಹೆಂಡತಿಗೆ ತೋರಿಸಿದ.

“ನೋಡಿಲ್ಲೆ, ಗಂಡ ಹೆಂಡ್ತಿ ಜೋಡಿ ಕುಣಿದ್ರ ಅಸಭ್ಯತನ ಅಂತ. ನಿನ್ನ ಮರ್ಯಾದಿ ಕಳಿಯೂದು ಬ್ಯಾಡ, ನಾ ಮೂಲ್ಯಾಗ ಕೂಡ್ತೇನಿ.”

ವಿಜಯ ಹಳೆಯ ಇಳಕಲ್ ಸೀರೆಯಿಂದ ಗೌನ್ ಹೊಲಿಯುತ್ತಿದ್ದಳು. “ಒಂದರೇ ನಿಮ್ಮ ಜೋಡಿ ಕುಣೀಬೇಕಂತಿತ್ತು,” ಎಂದಳು, ತಲೆಯೆತ್ತದೆ.

“ನನಗೂ ಐತಿ. ಆದ್ರ ರೂಲ್ಸ್ ಅಂದ್ರ ರೂಲ್ಸ್.”

ಅವಳು ಸೂಜಿಗೆ ಹೊಸ ದಾರ ಪೋಣಿಸಿದಳು. ಜಗಳವಾಡಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಶನಿವಾರ ಬಂತು. ಮೊಳಕಾಲಿಗೇ ಮುಗಿಯುವ ಬಿಗಿ ಚಲ್ಲಣ, ಬಿಳಿ ಕಾಲುಚೀಲ, ಕೈಗವಸು, ಕೊರಳಿಗೆ ಸುತ್ತುಸುತ್ತಾಗಿ ಬಿಳಿ ಪಟ್ಟಿ (ಕತ್ತು ಉಳುಕಿದವರಿಗೂ ಡಾಕ್ಟರು ಇಷ್ಟು ಸುತ್ತುವುದಿಲ್ಲ). ಈ ವೇಷದಲ್ಲಿ ಚನ್ನಬಸಯ್ಯ ಕೇಕಿನ ಮೇಜಿನ ಪಕ್ಕ ಸುಖಾಸೀನನಾದ. ಎರಡನೆಯ ತುಂಡು ಬಾಯಿಗಿಡುವಷ್ಟರಲ್ಲಿ ಬೆಳ್ಳಿ ಹಿಡಿಯ ಕೋಲು ಹಿಡಿದ ಕೂಟದ ಯಜಮಾನರು ಎದುರಿಗೆ ಬಂದು ನಿಂತರು. ಹೆಂಗಸರು ಜೋಡಿಯಿಲ್ಲದೆ ಕೂತಿರುವಾಗ ಗಂಡಸು ತಾನೂ ಕೂರುವುದು ಮಹಾಪಚಾರ, ನಾಲ್ಕನೆಯ ಪುಟ ಓದಲಿಲ್ಲವೇ ಎಂದು ಬಹಳ ವಿನಯದಿಂದ ವಿಚಾರಿಸಿದರು. (ಮೂರರಲ್ಲೇ ಮುಕ್ತಿ ಸಿಕ್ಕವನು ನಾಲ್ಕನ್ನು ಏಕೆ ಓದಿಯಾನು?) ಅಲ್ಲಿದ್ದವರು ಹದಿನೆಂಟು ಮಂದಿ ಹೆಂಗಸರು, ಹನ್ನೊಂದು ಮಂದಿ ಗಂಡಸರು.

ಅವನನ್ನು ಮೊದಲು ಒಪ್ಪಿಸಿದ್ದು ಸಿಡ್ನಿಯಿಂದ ಬಂದಿದ್ದ ಎಂಬತ್ತರ ಡೊರೊಥಿ ಅವರ ಕೈಗೆ. ಆಕೆ ಎತ್ತಿನ ಹಗ್ಗ ಹಿಡಿದಂತೆ ಅವನ ಮಣಿಕಟ್ಟು ಹಿಡಿದು, “ರೈಟ್, ಡಿಯರ್, ರೈಟ್!” ಎನ್ನುತ್ತ ಸಾಲಿನುದ್ದಕ್ಕೂ ನಡೆಸಿದರು. ಅವರ ನಂತರ ಲೈಬ್ರರಿಯನ್ ಒಬ್ಬರು, ಆಮೇಲೆ ಇಬ್ಬರು ಅಕ್ಕತಂಗಿಯರು. ನಾಲ್ಕನೆಯ ಕುಣಿತದಲ್ಲಿ ಕಾಲಿಗೆ ದಾರಿ ಗೊತ್ತಾಯಿತು. ಐದನೆಯದರಲ್ಲಿ ತಾನು ನಗುತ್ತಿದ್ದೇನೆಂದು ತಿಳಿದು ಅವನಿಗೇ ಗಾಬರಿಯಾಯಿತು.

ಆರನೆಯದರಲ್ಲಿ ಸಾಲುಗಳು ಎದುರುಬದುರಾಗಿ ಹಾಯುವಾಗ, ಇಳಕಲ್ಲಿನ ಕೆಂಪು ಸೆರಗಿನ ಗೌನೊಂದು ಎದುರಿಗೆ ಬಂತು. ಅರೆಗಳಿಗೆ ಅಂಗೈಗೆ ಅಂಗೈ ತಾಗಿತು. ವಿಜಯ ಬಾಯಿ ತುಂಬ ನಕ್ಕು, ಯಾವನೋ ಎತ್ತರದ ಪ್ಲಂಬರನ ಜೊತೆ ಮುಂದೆ ಸಾಗಿದಳು. ಹೀಗೆ ನಗುವವಳು ಮನೆಯಲ್ಲೇ ಇದ್ದಳಲ್ಲ ಎಂದು ಚನ್ನಬಸಯ್ಯ ನಿಂತೇಬಿಟ್ಟ. ಹಿಂದಿನವರು ಬಂದು ಢಿಕ್ಕಿ ಹೊಡೆದರು.

ಕೊನೆಯ ಕುಣಿತ ಸಾರಿದಾಗ ನೇರ ಅವಳ ಬಳಿಗೆ ಹೋದ. ಅವಳು ಚಪ್ಪಲಿ ಕಳಚಿ ಕುರ್ಚಿಯಲ್ಲಿ ಕುಳಿತಿದ್ದಳು. ಅವನು ಸೊಂಟ ಬಾಗಿಸಿ ಕೈ ನೀಡಿದ.

“ಖರೇ ಹೇಳಬೇಕಂದ್ರ, ಆ ಮೂರನೇ ಪುಟದಾಗ, ಗಂಡ ಹೆಂಡ್ತಿ ಇಡೀ ಸಂಜಿ ಬರೇ ಇಬ್ರೇ ಕುಣೀಬಾರ್ದು ಅಂತ ಇತ್ತು. ಒಂದು ಕುಣಿತಕ್ಕ ಅಡ್ಡಿಯಿಲ್ಲ.”

“ಗೊತ್ತೈತ್ರಿ,” ಎಂದಳು ವಿಜಯ. “ಆ ಕಾಗದ ಟೈಪ್ ಮಾಡಿದಾಕಿ ನಾನ.”

ಚನ್ನಬಸಯ್ಯ ಕೊರಳಪಟ್ಟಿಯ ಒಂದು ಸುತ್ತು ಸಡಿಲಿಸಿದ. “ಹಂಗಾದ್ರ ಬಾ.”

“ಒಂದು ತಾಸು ಮೊದಲ ಬಂದಿದ್ರ ಹಾರಿ ಬರ್ತಿದ್ದೆ. ಈಗ ಹಿಮ್ಮಡಿ ಸುಲಿದೈತಿ. ಅಲ್ನೋಡ್ರಿ, ಡೊರೊಥಿ ಆಂಟಿ ಕಾಯಾಕತ್ತಾರ.”

ಡೊರೊಥಿ ಆಗಲೇ ಅವನ ಮಣಿಕಟ್ಟು ಹಿಡಿದಿದ್ದರು. ಮುಂದಿನ ತಿಂಗಳು ಸಿಡ್ನಿಯ ಕೂಟಕ್ಕೂ ಗಂಡಸರ ಕೊರತೆಯಿದೆ, ಈತ ಸಿಗಬಹುದೇ ಎಂದು ಅವನನ್ನು ಬಿಟ್ಟು ಅವನ ಹೆಂಡತಿಯನ್ನು ಕೇಳಿದರು.

“ಶ್ಯೂರ್,” ಎಂದಳು ವಿಜಯ, ಹಿಮ್ಮಡಿ ಒತ್ತಿಕೊಳ್ಳುತ್ತ. “ಕೀಪ್ ಹಿಮ್ ಫಾರ್ ಟೂ ಡೇಸ್.”