ನಗುವ ಸೀನಿಗೆ ಅಳುವ ಚಿಕ್ಕಮ್ಮ

ನನ್ನ ಚಿಕ್ಕಮ್ಮನ ಜೊತೆ ಸಿನೆಮಾಕ್ಕೆ ಹೋಗುವ ಧೈರ್ಯ ನಮ್ಮ ಕುಟುಂಬದಲ್ಲಿ ಈಗ ಉಳಿದಿರುವುದು ನನಗೊಬ್ಬಳಿಗೇ! ಅಮ್ಮ ಒಮ್ಮೆ ಹೋಗಿ ಬಂದು ಕೈಮುಗಿದಳು. ಅತ್ತಿಗೆ ಇಂಟರ್ವಲ್ಲಿನಲ್ಲೇ ಬೇರೆ ಸಾಲಿಗೆ ಹೋಗಿ ಕುಳಿತಳು. ಹಾಗೆಂದು ಚಿಕ್ಕಮ್ಮ ಸೀಟಿ ಹೊಡೆಯುವ ಪೈಕಿಯಲ್ಲ. ಅವರಿಗೆ ಬೇಕಾದದ್ದು ಹೆಂಗಸರು ಕರ್ಚೀಫು ಹಿಡಿದುಕೊಂಡೇ ಹೋಗುವಂಥ ಸಿನೆಮಾ. ಪ್ರೀತಿ, ವಿರಹ, ತ್ಯಾಗ, ಕೊನೆಗೊಂದು ಆಸ್ಪತ್ರೆ. ಮಲಯಾಳವೋ, ಕನ್ನಡವೋ, ತುಳುವೋ, ಅಂಥದ್ದೊಂದು ಕಾಸರಗೋಡಿಗೆ ಬಂತೆಂದರೆ ಬದಿಯಡ್ಕದಲ್ಲಿ ಮಧ್ಯಾಹ್ನದ ಬಸ್ಸಿಗೆ ಚಿಕ್ಕಮ್ಮ ಹಾಜರು. ತೊಂದರೆಯಿರುವುದು ಅಳುವ ವಿಷಯದಲ್ಲಿ.

ಒಮ್ಮೆ ನಾಯಕಿ ಸಾಯುತ್ತಿದ್ದಳು. ಎಷ್ಟು ಚೆಂದದ ಸಾವು ಗೊತ್ತೇ? ಲಿಪ್‌ಸ್ಟಿಕ್ಕೂ ಅಳಿಸಿರಲಿಲ್ಲ! ಟಾಕೀಸಿಡೀ ಮೂಗು ಒರೆಸುವ ಸದ್ದು. ನಾನೂ ಬಿಕ್ಕುತ್ತಿದ್ದೆ. ಚಿಕ್ಕಮ್ಮ ಮಾತ್ರ ನೆಲಗಡಲೆ ಸುಲಿಯುತ್ತಾ ದೊಡ್ಡ ಸ್ವರದಲ್ಲಿ, "ಆ ಡ್ರಿಪ್ಪಿನ ಬಾಟ್ಲಿ ಖಾಲಿಯಾಗಿ ಎಷ್ಟೊತ್ತಾಯ್ತು! ನರ್ಸು ಎಲ್ಲಿ ಹೋದ್ಲು ಮಾರಾಯ್ತಿ?" ಎಂದರು. ಮುಂದಿನ ಸಾಲಿನ ಹೆಂಗಸು ತಿರುಗಿ ನೋಡಿದ ನೋಟಕ್ಕೆ ಸಾಯುತ್ತಿದ್ದ ನಾಯಕಿಯೇ ಎದ್ದು ಕೂರಬೇಕಿತ್ತು!

ಇನ್ನೊಂದರಲ್ಲಿ ನಾಯಕ ಪರದೇಶಕ್ಕೆ ಹೊರಟಿದ್ದ. ವಿಮಾನ ನಿಲ್ದಾಣದಲ್ಲಿ ನಾಯಕಿ ಕುಸಿದು ಅಳುತ್ತಿದ್ದಳು. "ಅವ ಪಾಸ್‌ಪೋರ್ಟು ಹಿಡ್ಕೊಂಡಿದ್ದಾನಾ ಅಂತ ಕೇಳುವವರೇ ಇಲ್ಲ!" ಎಂದರು ಚಿಕ್ಕಮ್ಮ. ಅನುಭವದ ಮಾತು. ಮದುವೆಯಾದ ಹೊಸತರಲ್ಲೇ ಚಿಕ್ಕಪ್ಪ ಗಲ್ಫಿಗೆ ಹೋದವರು. ಎರಡು ವರ್ಷಕ್ಕೊಮ್ಮೆ ಒಂದು ತಿಂಗಳ ರಜೆ. ಉಳಿದ ದಿನ ಮನೆಯಲ್ಲಿ ಚಿಕ್ಕಮ್ಮ ಒಬ್ಬರೇ.

ಹಾಗಾದರೆ ಅವರು ಅಳುವುದೇ ಇಲ್ಲವೇ? ಅಳುತ್ತಾರೆ! ಮೊನ್ನೆ ನೋಡಿದ ಸಿನೆಮಾದಲ್ಲಿ ಒಂದು ಹಾಸ್ಯದ ಸೀನು. ಫ್ಯಾನು ಜೋರು ಮಾಡು ಎಂದು ಗಂಡ, ಚಳಿಯಾಗುತ್ತದೆ ಎಂದು ಹೆಂಡತಿ. ಮಾತಿಗೆ ಮಾತು ಬೆಳೆದು ಅವಳು ಕಂಬಳಿ ಎಳೆದುಕೊಂಡು ಹೊರಗಿನ ಕೋಣೆಗೆ, ಅವನು ದಿಂಬು ಹಿಡಿದುಕೊಂಡು ಅವಳ ಹಿಂದೆ. ಜನ ಹೊಟ್ಟೆ ಹಿಡಿದು ನಗುತ್ತಿದ್ದರೆ ನನ್ನ ಪಕ್ಕದಲ್ಲಿ ಚಿಕ್ಕಮ್ಮ ಬಿಕ್ಕಿ ಬಿಕ್ಕಿ ಅಳುವ ಸದ್ದು! ಅತ್ತ ಬದಿಯಲ್ಲಿದ್ದ ಅಪರಿಚಿತ ಹೆಂಗಸು ಗಾಬರಿಯಿಂದ ನೀರಿನ ಬಾಟ್ಲಿ ಚಾಚಿ, "ಮನೆಯಲ್ಲಿ ಯಾರಾದ್ರೂ ಹೋದ್ರಾ?" ಎಂದು ನನ್ನನ್ನು ಕೇಳಿದರು. ಏನು ಹೇಳಲಿ? ಫ್ಯಾನು ಜೋರಾಯಿತು ಎನ್ನಲೇ?

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಬಿಡಲಿಲ್ಲ. "ನಿಜ ಹೇಳಿ ಚಿಕ್ಕಮ್ಮ, ಅದರಲ್ಲಿ ಅಳ್ಲಿಕ್ಕೆ ಎಂತ ಉಂಟು?"

ಸೀತಾಂಗೋಳಿಯ ಹತ್ತಿರ ಅವರು ಬಸ್ಸಿನ ಟಿಕೇಟನ್ನು ಮಡಚಿ ಪರ್ಸಿಗೆ ಹಾಕಿದರು. ಆಮೇಲೆ, "ನಾನೂ ನಿನ್ನ ಚಿಕ್ಕಪ್ಪನೂ ಒಮ್ಮೆಯೂ ಸರಿಯಾಗಿ ಜಗಳ ಮಾಡಿದ್ದಿಲ್ಲ ಮಾರಾಯ್ತಿ" ಎಂದರು. "ಬಂದ ಕೂಡ್ಲೆ ನೆಂಟರು. ಅವರು ಹೋಗುವಷ್ಟರಲ್ಲಿ ಇವರ ಪೆಟ್ಟಿಗೆ ಕಟ್ಟುವ ಹೊತ್ತು. ನಡುವಿನ ನಾಲ್ಕು ದಿನದಲ್ಲಿ ಜಗಳ ಮಾಡ್ಲಿಕ್ಕೆ ಮನಸ್ಸು ಬರ್ತದಾ?"

"ಫೋನಿನಲ್ಲಿ ಮಾಡಬಹುದಲ್ಲ?"

"ಅವರು ಫೋನು ಮಾಡುವುದು ಊಟಕ್ಕೆ ಮೊದಲು. ಬೇಜಾರು ಮಾಡಿದ್ರೆ ಅಲ್ಲಿ ಒಬ್ಬರೇ ಕೂತು ಊಟ ಸೇರ್ತದಾ?"



ಚಿಕ್ಕಮ್ಮನ ಮನೆಗೆ ತಲುಪಿ ಚಹಾ ಕುಡಿಯುತ್ತಿದ್ದಾಗ ಚಿಕ್ಕಪ್ಪನ ವಿಡಿಯೋ ಕಾಲ್ ಬಂತು. ಚಿಕ್ಕಮ್ಮ ಮುಖ ಒರೆಸಿ, ನಗು ಹಚ್ಚಿಕೊಂಡು ಫೋನೆತ್ತಿದರು. ಸಿನೆಮಾ ಲಾಯ್ಕಿತ್ತು, ನಾನು ಆರಾಮ, ನೀವು? ನನಗೆ ತಡೆಯಲಾಗಲಿಲ್ಲ. ಪಕ್ಕದಿಂದ ಮುಖ ತೂರಿಸಿ, "ಚಿಕ್ಕಪ್ಪ, ಇವರಿಗೆ ನಿಮ್ಮ ಹತ್ರ ಜಗಳ ಮಾಡ್ಲಿಕ್ಕುಂಟಂತೆ. ನಿಮಗೆ ಊಟ ಸೇರ್ಲಿಕ್ಕಿಲ್ಲ ಅಂತ ಮಾಡುವುದಿಲ್ಲವಂತೆ!" ಎಂದುಬಿಟ್ಟೆ. ಚಿಕ್ಕಮ್ಮ ನನ್ನ ತೊಡೆಗೆ ಚಿವುಟಿದರು.

 ಚಿಕ್ಕಪ್ಪ, "ಹಾಗಾದ್ರೆ ಮಾಡು. ನನ್ನದು ಊಟ ಆಯ್ತು" ಎಂದರು.

ಫೋನಿನ ಪರದೆಯಲ್ಲಿ ಕಂಡ ಅವರ ಕೈಯಲ್ಲಿ ಅರ್ಧ ಹೆಚ್ಚಿದ ನೀರುಳ್ಳಿಯಿತ್ತು. ಹಿಂದೆ ಒಲೆಯ ಮೇಲಿದ್ದ ಕುಕ್ಕರು ಇನ್ನೂ ಕೂಗಿರಲಿಲ್ಲ.

ಚಿಕ್ಕಮ್ಮ ಸೆರಗಿನ ತುದಿ ತಿರುಚಿದರು. ಜಗಳಕ್ಕೊಂದು ವಿಷಯ ಬೇಕಲ್ಲ! ಕೊನೆಗೆ ಮೆಲ್ಲಗೆ, "ಹೋದ ಸಲ ಬಂದಾಗ ನೀವು ಒದ್ದೆ ಟವೆಲನ್ನು ಹಾಸಿಗೆ ಮೇಲೆ ಬಿಸಾಡಿದ್ರಿ" ಎಂದರು.

"ನಾನಾ? ಇಲ್ಲಪ್ಪ!"

"ಇಲ್ಲವಾ? ನನ್ನ ಬದಿ ಇಡೀ ಒದ್ದೆ! ನಾನು ಮುದುಡಿ ಮಲಗಿದ್ದು ನಿಮಗೆಲ್ಲಿ ಗೊತ್ತು?" ಸ್ವರ ಏರತೊಡಗಿತು.

ನಾನು ಚಪ್ಪಲಿ ಮೆಟ್ಟಿ ಹೊರಬಿದ್ದೆ. ಗೇಟು ದಾಟಿದರೂ ಚಿಕ್ಕಮ್ಮನ ಸ್ವರ ಕೇಳುತ್ತಿತ್ತು. ಚಿಕ್ಕಪ್ಪ, ದೇವರು ಅವರಿಗೆ ಒಳ್ಳೆಯದು ಮಾಡಲಿ, ಒಪ್ಪಿಕೊಳ್ಳುತ್ತಲೇ ಇರಲಿಲ್ಲ.